ಹದಿನೆಂಟಕ್ಕೆ ಪಟಾಕಿ, ಹದಿನೇಳಕ್ಕೆ ಮೌನ

ತೆರೆಯ ಮೇಲಿನ ನಾಯಕರಿಗೆ ನಮ್ಮ ಕೋಲಾರ ಸೀಮೆಯಲ್ಲಿ ಹಾಲಿನ ಅಭಿಷೇಕ. ನಮ್ಮ ಬಾಲ್ಯಕ್ಕೆ ಬಣ್ಣ ಹಚ್ಚಿದ ಕಾಮಿಕ್ಸ್ ಕಲಾವಿದರಿಗೆ, ಕಾಲಯಂತ್ರ ಹತ್ತಿಸಿದ ಕಥೆಗಾರರಿಗೆ? ಕ್ಯಾಲೆಂಡರನ್ನು ಸ್ವಲ್ಪ ತಿರುವಿ ನೋಡೋಣ.

ಸೆಪ್ಟೆಂಬರ್ ಎರಡನೇ ವಾರ ಮುಗಿಯುತ್ತಿದ್ದಂತೆ ಫ್ಲೆಕ್ಸ್ ಅಂಗಡಿಯವರಿಗೆ ಕೈತುಂಬ ಕೆಲಸ. 18ನೇ ತಾರೀಕು ಒಂದೇ ದಿನ ಇಬ್ಬರ ಹುಟ್ಟುಹಬ್ಬ. ಒಬ್ಬರು ವಿಷ್ಣುವರ್ಧನ್, ಇನ್ನೊಬ್ಬರು ಉಪೇಂದ್ರ. ಕೋಲಾರವಿರಲಿ, ಮಾಲೂರಿರಲಿ, ಮುಳಬಾಗಿಲು, ಶ್ರೀನಿವಾಸಪುರಗಳಿರಲಿ, ಅಭಿಮಾನಿಗಳ ಬ್ಯಾನರ್ ಹೇಗಿರುತ್ತದೆಂದು ಕಣ್ಣು ಮುಚ್ಚಿ ಹೇಳಬಹುದು. ನಡುವೆ ಆಳೆತ್ತರದ ನಾಯಕ. ಮೇಲಿನ ಮೂಲೆಯಲ್ಲಿ ದೇವರೋ ಅಂಬೇಡ್ಕರರೋ. ಕೆಳಗೆ ಸಾಲುಸಾಲಾಗಿ ಪಾಸ್‌ಪೋರ್ಟ್ ಅಳತೆಯ ಮುಖಗಳು. ಕೂಲಿಂಗ್ ಗ್ಲಾಸ್ ಹಾಕಿ, ಕೈಮುಗಿದು ನಿಂತ 'ಶುಭ ಕೋರುವವರು'. ಯಾರ ಮುಖ ಮೊದಲ ಸಾಲಿನಲ್ಲಿ ಬರಬೇಕು, ಯಾರದು ಅರ್ಧ ಇಂಚು ದೊಡ್ಡದಾಗಿರಬೇಕು ಎಂಬುದಕ್ಕೆ ಅಂಗಡಿಯ ಕಂಪ್ಯೂಟರ್ ಮುಂದೆಯೇ ಪಂಚಾಯಿತಿ ನಡೆಯುತ್ತದೆ.

ಈ ಸಂಭ್ರಮವನ್ನು ಹಗುರ ಮಾಡಿ ಮಾತನಾಡುವ ಇರಾದೆ ನನಗಿಲ್ಲ. ಉಪೇಂದ್ರ ಸುಮ್ಮನೆ ಹೊಡೆದಾಟದ ಹೀರೋ ಅಲ್ಲ. ಕನ್ನಡ ಪರದೆಗೆ ಯಂತ್ರಮಾನವನನ್ನು ತಂದವರಲ್ಲಿ ಅವರ ಹೆಸರು ಮುಂದೆ ಬರುತ್ತದೆ. 2002ರ 'ಹಾಲಿವುಡ್' ಚಿತ್ರಕ್ಕೆ ಕಥೆ ಬರೆದು, ಅದರಲ್ಲಿ ರೋಬಾಟ್ ಆಗಿಯೂ ನಟಿಸಿದರು. 2010ರ 'ಸೂಪರ್' ಚಿತ್ರದಲ್ಲಿ 2030ರ ಭಾರತವನ್ನು ತೋರಿಸಿ, ಬಿಳಿಯರನ್ನು ನಮ್ಮಲ್ಲಿ ಕೂಲಿಗೆ ನಿಲ್ಲಿಸಿ ಪ್ರೇಕ್ಷಕರಿಂದ ಶಿಳ್ಳೆ ಹೊಡೆಸಿಕೊಂಡರು. 2024ರ ಡಿಸೆಂಬರಿನಲ್ಲಿ 'ಯು ಐ' ಬಂತು. ಮತ್ತೆ ಭವಿಷ್ಯದ್ದೇ ಮಾತು. ವೈಜ್ಞಾನಿಕ ಕಲ್ಪನೆಯ ಮನರಂಜಕನೊಬ್ಬನ ಹುಟ್ಟುಹಬ್ಬವನ್ನು ನಮ್ಮ ಊರುಗಳು ಆಚರಿಸುತ್ತವೆ ಎಂದಾದರೆ ಅದು ಆಗಲೇ ಆಗುತ್ತಿದೆ, ಪಟಾಕಿ ಸಮೇತ.

ನನ್ನ ತಕರಾರು 18ರ ಬಗ್ಗೆ ಅಲ್ಲ, ಅದರ ಹಿಂದಿನ ದಿನದ ಬಗ್ಗೆ. ಸೆಪ್ಟೆಂಬರ್ 17 ಅನಂತ ಪೈ ಹುಟ್ಟಿದ ದಿನ. ಅಂದು ಒಂದು ಬ್ಯಾನರ್ ಕೂಡ ಏಳುವುದಿಲ್ಲ.

ಕಾರ್ಕಳದ ಹುಡುಗ, ಕನ್ನಡದ ಸಿಂಡ್ರೆಲಾ

ಅನಂತ ಪೈ 1929ರಲ್ಲಿ ಹುಟ್ಟಿದ್ದು ಕಾರ್ಕಳದಲ್ಲಿ. ಎರಡು ವರ್ಷದ ಮಗುವಾಗಿದ್ದಾಗಲೇ ಅಪ್ಪ, ಅಮ್ಮ ಇಬ್ಬರನ್ನೂ ಕಳೆದುಕೊಂಡರು. ಹನ್ನೆರಡನೇ ವಯಸ್ಸಿಗೆ ಮುಂಬೈ ಸೇರಿದರು. ಓದಿದ್ದು ರಸಾಯನ ತಂತ್ರಜ್ಞಾನ, ಮನಸ್ಸು ಮಾತ್ರ ಮಕ್ಕಳ ಪತ್ರಿಕೆಗಳ ಕಡೆಗೆ. ಟೈಮ್ಸ್ ಆಫ್ ಇಂಡಿಯಾ ಬಳಗದಲ್ಲಿದ್ದಾಗ 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್‌ಗೆ ದುಡಿದರು. ಫ್ಯಾಂಟಮ್, ಮಾಂಡ್ರೇಕ್ ಇಲ್ಲಿನ ಮಕ್ಕಳಿಗೆ ಮನೆಯವರಷ್ಟು ಹತ್ತಿರವಾಗಿದ್ದು ಆಗಲೇ. 1967ರಲ್ಲಿ ದೆಹಲಿಯಲ್ಲಿ ದೂರದರ್ಶನದ ಒಂದು ರಸಪ್ರಶ್ನೆ ನೋಡಿದರಂತೆ. ಗ್ರೀಕ್ ದೇವತೆಗಳ ಹೆಸರು ಪಟಪಟನೆ ಹೇಳಿದ ಮಕ್ಕಳು ರಾಮನ ತಾಯಿ ಯಾರೆಂದು ಕೇಳಿದಾಗ ಬಾಯಿ ಬಿಡಲಿಲ್ಲ. ಅಲ್ಲಿಂದ ಹುಟ್ಟಿದ್ದು ನಮಗೆಲ್ಲ ಗೊತ್ತಿರುವ ಅಮರ ಚಿತ್ರ ಕಥೆ. 1980ರಲ್ಲಿ 'ಟಿಂಕಲ್' ಬಂತು. ಅದರ ಸುಪ್ಪಾಂಡಿ ಪಾತ್ರಕ್ಕೆ ಆಕಾರ ಕೊಟ್ಟ ರಾಮ್ ವಾಯೀರ್ಕರ್ ಅವರೇ ಅಮರ ಚಿತ್ರ ಕಥೆಯ 'ಕೃಷ್ಣ'ನನ್ನೂ ಬಿಡಿಸಿದವರು.

ಈ ಕಥೆಗೆ ಕನ್ನಡದ ಒಂದು ಪೂರ್ವಭಾಗವಿದೆ, ಅದು ಹೆಚ್ಚು ಜನರಿಗೆ ತಿಳಿದಿಲ್ಲ. ಅಮರ ಚಿತ್ರ ಕಥೆಯನ್ನು ಪ್ರಕಟಿಸಿದ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು 1965ರಲ್ಲೇ ಕನ್ನಡದಲ್ಲಿ ಹತ್ತು ಚಿತ್ರಕಥೆಗಳನ್ನು ಹೊರತಂದಿದ್ದರು. ಸಿಂಡ್ರೆಲಾಳಂಥ ಪಾಶ್ಚಾತ್ಯ ಜನಪ್ರಿಯ ಕಥೆಗಳವು. ಮುಂದೆ ಇಂಗ್ಲಿಷಿನಲ್ಲಿ 'ಕೃಷ್ಣ' ಬಂದಾಗ ಅದರ ಸಂಖ್ಯೆ 11. ಮೊದಲ ಹತ್ತು ಸ್ಥಾನ ಆ ಹಳೆಯ ಕಥೆಗಳಿಗೇ ಮೀಸಲು. ಇಡೀ ದೇಶದ ಮಕ್ಕಳು ಓದಿದ ಸರಣಿಯ ಒಂದನೇ ಮೆಟ್ಟಿಲು ಕನ್ನಡದ್ದು ಎಂದು ನಾವು ಎದೆ ತಟ್ಟಿಕೊಳ್ಳಬಹುದಿತ್ತು. ಹೇಳಿಕೊಳ್ಳುವ ಚಾಳಿ ನಮಗಿಲ್ಲ.

ಹಳೆಯ ಕನ್ನಡ ಕಾಮಿಕ್ಸ್ ಯಾವುದಾದರೂ ಮನೆಯಲ್ಲಿ ಉಳಿದಿದ್ದರೆ ಒಂದು ಪುಟ ತೆರೆದು ಹತ್ತಿರದಿಂದ ನೋಡಿ. ಮಾತಿನ ಗುಳ್ಳೆಗಳ ಅಳತೆ ಇಂಗ್ಲಿಷಿಗೆ ತಕ್ಕಂತೆ ಮೊದಲೇ ನಿಗದಿಯಾಗಿರುತ್ತಿತ್ತು. ಕನ್ನಡಕ್ಕೆ ಒತ್ತಕ್ಷರವಿದೆ, ದೀರ್ಘವಿದೆ, ಸಾಲಿನ ಕೆಳಗೂ ಜಾಗ ಬೇಕು. ಹಾಗಾಗಿ ಯುದ್ಧದ ನಡುವೆ ವೀರನೊಬ್ಬ ಅಬ್ಬರಿಸುವ ಮಾತು ಇರುವೆ ಸಾಲಿನಂತೆ ಗುಳ್ಳೆಯ ಅಂಚಿಗೆ ಒತ್ತಿಕೊಂಡಿರುತ್ತದೆ. ಇಷ್ಟು ಇಕ್ಕಟ್ಟಿನಲ್ಲಿ ಕನ್ನಡವನ್ನು ಕೂರಿಸಿದ ಕೈಗಳ ಹೆಸರು ಯಾವ ಪುಟದಲ್ಲೂ ಸಿಗುವುದಿಲ್ಲ. ಹುಟ್ಟುಹಬ್ಬ ಹಾಗಿರಲಿ, ಅವರ ಹೆಸರೇ ನಮಗೆ ಗೊತ್ತಿಲ್ಲ.

ಪೈ ಅವರನ್ನು ನೆನೆಯುವುದೆಂದರೆ ಅವರ ಪುಸ್ತಕಗಳನ್ನೆಲ್ಲ ತಲೆಯ ಮೇಲೆ ಹೊರಬೇಕೆಂದಲ್ಲ. ರಾಕ್ಷಸರೆಂದರೆ ಕಪ್ಪು, ದೇವತೆಗಳೆಂದರೆ ಬಿಳುಪು ಎಂಬ ಬಣ್ಣದ ಲೆಕ್ಕವನ್ನೂ ಹೆಣ್ಣುಗಳನ್ನು ಚಿತ್ರಿಸಿದ ಬಗೆಯನ್ನೂ ಹಲವರು ಪ್ರಶ್ನಿಸಿದ್ದಾರೆ, ಪ್ರಶ್ನಿಸಬೇಕಾದದ್ದೇ. ದಲಿತ ಚಳವಳಿಯ ಗಟ್ಟಿ ನೆಲವಾದ ಕೋಲಾರದಲ್ಲಿ ಈ ಮಾತು ಇನ್ನೂ ಜೋರಾಗಿ ಕೇಳಬೇಕು. ಅಂಬೇಡ್ಕರರ ಬದುಕನ್ನು ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಚೌಕಟ್ಟುಗಳನ್ನೇ ಮುರಿದು ಬಿಡಿಸಿದ 'ಭೀಮಾಯಣ' 2011ರಲ್ಲಿ ಪ್ರಕಟವಾಯಿತು. ಅಲ್ಲಿ ಮಾತಿನ ಗುಳ್ಳೆಗಳೂ ಹಕ್ಕಿಯ ಆಕಾರ ತಾಳುತ್ತವೆ. ಕಟುಮಾತಿನ ಗುಳ್ಳೆಗೆ ಚೇಳಿನ ಬಾಲವಿದೆ. ಏಪ್ರಿಲ್ 14ರ ಮೆರವಣಿಗೆ ಮುಗಿದ ಸಂಜೆ ಆ ಪುಸ್ತಕವನ್ನು ಮಕ್ಕಳ ಮುಂದೆ ಬಿಡಿಸಿಟ್ಟರೆ ಜಯಂತಿಗೆ ಇನ್ನೊಂದು ಅರ್ಥ ಬರುತ್ತದೆ.

ಎರಡು ಭಾಷೆಗೆ ಒಂದೇ ಬೇತಾಳ

ಮುಳಬಾಗಿಲು, ಶ್ರೀನಿವಾಸಪುರಗಳ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಓದು ಕನ್ನಡ. ಇಂಥ ಊರಿಗೆ 'ಚಂದಮಾಮ' ಹೇಳಿ ಮಾಡಿಸಿದ ಪತ್ರಿಕೆಯಾಗಿತ್ತು. ತೆಲುಗು, ತಮಿಳಿನಲ್ಲಿ 1947ರಲ್ಲಿ ಆರಂಭವಾಗಿ, ಕನ್ನಡಕ್ಕೆ 1949ರಲ್ಲಿ ಬಂತು. ಅಕ್ಷರ ಮಾತ್ರ ಬೇರೆ, ಚಿತ್ರ ಒಂದೇ. ಅಜ್ಜಿ ತೆಲುಗಿನಲ್ಲಿ ಹೇಳಿದ ಕಥೆಯನ್ನು ಮೊಮ್ಮಗಳು ಕನ್ನಡದಲ್ಲಿ ಓದಿಕೊಳ್ಳುವಾಗ ಇಬ್ಬರ ಕಣ್ಣೆದುರಿಗೂ ಇದ್ದದ್ದು ಕತ್ತಿ ಹಿಡಿದು, ಹೆಗಲ ಮೇಲೆ ಹೆಣ ಹೊತ್ತು ಸ್ಮಶಾನದಲ್ಲಿ ನಡೆಯುವ ಅದೇ ವಿಕ್ರಮ.

ಆ ವಿಕ್ರಮನನ್ನು ಬಿಡಿಸಿದವರು ಶಂಕರ್, ಪೂರ್ತಿ ಹೆಸರು ಕೆ.ಸಿ. ಶಿವಶಂಕರನ್. ಹುಟ್ಟಿದ್ದು 1924ರ ಜುಲೈ 19ರಂದು. 2020ರಲ್ಲಿ ತೀರಿಕೊಂಡಾಗ ತೊಂಬತ್ತಾರು ತುಂಬಿತ್ತು. ಮುಖಪುಟದ ಬಣ್ಣಗಳಿಗೆ ಹೆಸರಾದ 'ವಪಾ', ಅಂದರೆ ವಡ್ಡಾದಿ ಪಾಪಯ್ಯ, ಶ್ರೀಕಾಕುಳಂನವರು; ಹುಟ್ಟಿದ್ದು 1921ರ ಸೆಪ್ಟೆಂಬರ್ 10. ಗಡಿಯ ಈ ಸೀಮೆಯಲ್ಲಿ ಕನ್ನಡಕ್ಕೋ ತೆಲುಗಿಗೋ ಎಂಬ ಜಗಳಕ್ಕೆ ಆಸ್ಪದವಿಲ್ಲದೆ ಆಚರಿಸಬಹುದಾದ ಹುಟ್ಟುಹಬ್ಬಗಳಿದ್ದರೆ ಅವು ಇವೇ.

ಸೆಪ್ಟೆಂಬರ್ 21ರ ಕಾಲಯಂತ್ರ

ಇನ್ನೊಂದು ತಾರೀಕು ಗುರುತು ಹಾಕಿಕೊಳ್ಳಿ. ಎಚ್.ಜಿ. ವೆಲ್ಸ್ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1866ರ ಸೆಪ್ಟೆಂಬರ್ 21ರಂದು. 1895ರಲ್ಲಿ ಅವರು ಬರೆದ 'ದಿ ಟೈಮ್ ಮಷಿನ್' ಕಾದಂಬರಿ, ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಯಂತ್ರವನ್ನು ಜಗತ್ತಿನ ಕಲ್ಪನೆಗೆ ಕೊಟ್ಟಿತು. ಅದೇ ಸೆಪ್ಟೆಂಬರ್ 21ರಂದು, 1931ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ ಸಿಂಗೀತಂ ಶ್ರೀನಿವಾಸರಾವ್ ಹುಟ್ಟಿದರು. ಅವರು ವೆಲ್ಸ್‌ನನ್ನು ಓದಿ ಬೆಳೆದರು. ಆ ಪ್ರೇರಣೆಯಿಂದಲೇ 1991ರಲ್ಲಿ 'ಆದಿತ್ಯ 369' ಚಿತ್ರ ಮಾಡಿದರು. ಬಾಲಕೃಷ್ಣ ಅದರಲ್ಲಿ ನಾಯಕನೂ ಹೌದು, ಕೃಷ್ಣದೇವರಾಯನೂ ಹೌದು. ಯಂತ್ರ ಒಮ್ಮೆ 1526ರ ವಿಜಯನಗರಕ್ಕೆ ಇಳಿಯುತ್ತದೆ, ಒಮ್ಮೆ 2504ಕ್ಕೆ ಹಾರುತ್ತದೆ.

ಗಡಿ ಭಾಗದ ಪ್ರೇಕ್ಷಕರಿಗೆ ಈ ಚಿತ್ರ ಪರದೇಶದ್ದಾಗಲಿಲ್ಲ, ಏಕೆಂದರೆ ವಿಜಯನಗರವೇ ಇಲ್ಲಿಗೆ ಪರದೇಶವಲ್ಲ. ಬುಕ್ಕರಾಯನ ಮಗ ಕುಮಾರ ಕಂಪಣ ರಾಜಪ್ರತಿನಿಧಿಯಾಗಿ ಆಳಿದ್ದು ಮುಳಬಾಗಿಲಿನಿಂದ. ಮಧುರೆಯ ಮೇಲೆ ದಂಡೆತ್ತಿ ಹೋದವನೂ ಅವನೇ. ಮಧುರೆಯ ಆ ಗೆಲುವನ್ನು ಅವನ ರಾಣಿ ಗಂಗಾದೇವಿ ಸಂಸ್ಕೃತದಲ್ಲಿ ಕಾವ್ಯ ಮಾಡಿದಳು. ಕಾಲಯಂತ್ರ ಇನ್ನೂ ಒಂದೂವರೆ ಶತಮಾನ ಹಿಂದಕ್ಕೆ ಓಡಿದ್ದರೆ ಮುಳಬಾಗಿಲಿನಲ್ಲೇ ನಿಲ್ಲಿಸಬಹುದಿತ್ತು.

ಸಿಂಗೀತಂ ತೆಲುಗಿನವರೆಂದು ಬಿಟ್ಟುಕೊಡುವ ಹಾಗೂ ಇಲ್ಲ. ರಾಜ್‌ಕುಮಾರ್ ಅವರ 'ಹಾಲು ಜೇನು', 'ಚಲಿಸುವ ಮೋಡಗಳು', 'ಶ್ರಾವಣ ಬಂತು' ನಿರ್ದೇಶಿಸಿದವರು ಅವರು. ಶಿವರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ 'ಆನಂದ್' ಅವರದು. ಮಾತೇ ಇಲ್ಲದ 'ಪುಷ್ಪಕ ವಿಮಾನ'ವನ್ನು 1987ರಲ್ಲಿ ಬೆಂಗಳೂರಿನಲ್ಲಿ ಚಿತ್ರೀಕರಿಸಿದರು. ಕನ್ನಡ, ತೆಲುಗು, ತಮಿಳು, ಉರ್ದು ಒಂದೇ ಬೀದಿಯಲ್ಲಿ ಕೇಳಿಸುವ ಕೋಲಾರಕ್ಕೆ ಯಾವ ಭಾಷೆಯ ಚಿತ್ರ ಹಾಕಬೇಕೆಂಬ ಚಿಂತೆಯನ್ನೂ ಅವರು ಅಂದೇ ಬಗೆಹರಿಸಿದ್ದರು ಅನ್ನಿ.

ಮಾಯೆ, ಗ್ರಾಫಿಕ್ಸ್ ಅಂದರೆ ಮುಳಬಾಗಿಲು ನೆನೆಯಬೇಕಾದ ಇನ್ನೊಂದು ಹೆಸರಿದೆ: ಸೌಂದರ್ಯ. ಮುಳಬಾಗಿಲು ಮೂಲದ ಈ ನಟಿಯನ್ನು ತೆಲುಗು ನಾಡು ಮನೆಮಗಳಾಗಿ ಸ್ವೀಕರಿಸಿದ್ದರಲ್ಲಿ 1995ರ 'ಅಮ್ಮೋರು' ಚಿತ್ರದ ಪಾಲು ದೊಡ್ಡದು. ಕೋಡಿ ರಾಮಕೃಷ್ಣ ನಿರ್ದೇಶನದ ಆ ಚಿತ್ರ ತೆಲುಗಿನಲ್ಲಿ ಕಂಪ್ಯೂಟರ್ ಕೈಚಳಕವನ್ನು ದೊಡ್ಡ ಮಟ್ಟದಲ್ಲಿ ಬಳಸಿದ ಮೊದಮೊದಲ ಚಿತ್ರಗಳಲ್ಲೊಂದು. ಸೌಂದರ್ಯ ಅವರ ಹುಟ್ಟುಹಬ್ಬ ಜುಲೈ 18.

ಗಣಿಯ ಆಳ, ಕಾಸ್ಮಿಕ್ ಕಿರಣ

ಆಗಸ್ಟ್ 28 ಅಮೆರಿಕದ ಕಾಮಿಕ್ಸ್ ಲೋಕಕ್ಕೆ ಹಬ್ಬದ ದಿನ. ಜ್ಯಾಕ್ ಕಿರ್ಬಿ ಹುಟ್ಟಿದ್ದು 1917ರ ಆ ದಿನ. ಕ್ಯಾಪ್ಟನ್ ಅಮೆರಿಕದಿಂದ ಹಿಡಿದು ಮಾರ್ವೆಲ್ ಬಳಗದ ಅರ್ಧಕ್ಕರ್ಧ ವೀರರಿಗೆ ಮೈಕಟ್ಟು ಕೊಟ್ಟ ಕೈ ಅವರದು. 1961ರಲ್ಲಿ ಸ್ಟ್ಯಾನ್ ಲೀ ಜತೆಗೂಡಿ 'ಫೆಂಟಾಸ್ಟಿಕ್ ಫೋರ್' ಹುಟ್ಟುಹಾಕಿದರು. ಆಕಾಶಕ್ಕೆ ಹಾರಿದ ನಾಲ್ವರ ಮೈಗೆ ಕಾಸ್ಮಿಕ್ ಕಿರಣ ತಾಗುತ್ತದೆ, ಅವರಿಗೆ ಅಮಾನುಷ ಶಕ್ತಿ ಬರುತ್ತದೆ. ಕಥೆ ಅಷ್ಟೇ.

ಈಗ ನಮ್ಮ ಜಿಲ್ಲೆಗೆ ಬನ್ನಿ. 1928ರ ಅದೇ ಆಗಸ್ಟ್ 28ರಂದು ಮಂಗಳೂರಿನಲ್ಲಿ ಹುಟ್ಟಿದವರು ಭೌತವಿಜ್ಞಾನಿ ಎಂ.ಜಿ.ಕೆ. ಮೆನನ್. ಕಿರ್ಬಿ ಕಾಸ್ಮಿಕ್ ಕಿರಣಕ್ಕಾಗಿ ತನ್ನ ವೀರರನ್ನು ಆಕಾಶಕ್ಕೆ ಕಳಿಸಿದರೆ, ಮೆನನ್ ಮತ್ತು ಅವರ ಸಂಗಾತಿಗಳು ಅದೇ ಕಿರಣಗಳ ಅಧ್ಯಯನಕ್ಕೆ ಕೆಜಿಎಫ್ ಚಿನ್ನದ ಗಣಿಯೊಳಗೆ ಇಳಿದರು. ಈ ದಾರಿ ತೆರೆದವರಲ್ಲಿ ಕನ್ನಡಿಗ ಬಿ.ವಿ. ಶ್ರೀಕಂಠನ್ ಮುಖ್ಯರು. ಹೋಮಿ ಭಾಭಾ ಅವರ ಶಿಷ್ಯರಾಗಿ 1950ರ ದಶಕದ ಆರಂಭದಲ್ಲೇ ಅವರು ಗಣಿಯ ಬೇರೆ ಬೇರೆ ಆಳಗಳಲ್ಲಿ ಕಣಗಳ ಎಣಿಕೆ ಶುರು ಮಾಡಿದ್ದರು.

ಯಾಕೆ ಅಷ್ಟು ಆಳ? ಆಕಾಶದಿಂದ ಸುರಿಯುವ ಕಣಗಳನ್ನೆಲ್ಲ ಮೇಲಿನ ಬಂಡೆ ತಡೆಯುತ್ತದೆ. ಬಂಡೆಯನ್ನೂ ಭೂಮಿಯನ್ನೂ ಲೆಕ್ಕಿಸದೆ ತೂರಿ ಬರುವುದು ನ್ಯೂಟ್ರಿನೋ ಎಂಬ ಕಣ ಮಾತ್ರ. ಬೇರೆ ಸದ್ದೆಲ್ಲ ಅಡಗಿದ ಮೇಲೆ ಅದರ ಹೆಜ್ಜೆಗುರುತು ಸಿಗಬಹುದು ಎಂಬುದು ಎಣಿಕೆ. 1965ರಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲೂ ಇಂಥದ್ದೇ ಫಲ ಸಿಕ್ಕಿತು. ಚಿನ್ನ ತೆಗೆಯುವ ಕಾರ್ಮಿಕರ ಜತೆ ಪಂಜರದಂಥ ಲಿಫ್ಟ್‌ನಲ್ಲಿ ಇಳಿದ ವಿಜ್ಞಾನಿಗಳು ಕಣ್ಣಿಗೆ ಕಾಣದ ಕಣ ಹಿಡಿದರು.

ಇದಕ್ಕಿಂತ ಒಳ್ಳೆಯ ಕಾಮಿಕ್ಸ್ ವಸ್ತು ಬೇಕೆ? 1902ರಲ್ಲೇ ಶಿವನಸಮುದ್ರದಿಂದ ನೂರನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರ ತಂತಿ ಎಳೆದು ಇಲ್ಲಿಗೆ ವಿದ್ಯುತ್ ತಂದ ಸಾಹಸವೂ ಇದೆ. ಗಣಿ 2001ರಲ್ಲಿ ಮುಚ್ಚಿತು. ಅದರ ಮೇಲೆ 'ಕೆಜಿಎಫ್' ಸಿನಿಮಾ ಬಂತು, ಅದರ ನಾಯಕ ರಾಕಿ ಭಾಯ್ ಬಂದ. ಶ್ರೀಕಂಠನ್, ಮೆನನ್ ಮಾತ್ರ ಯಾವ ಚಿತ್ರಕಥೆಯಲ್ಲೂ ಗಣಿಗೆ ಇಳಿಯಲಿಲ್ಲ. ಜಿಲ್ಲೆಯ ಯಾವುದಾದರೂ ಹೈಸ್ಕೂಲಿನ ಚಿತ್ರಕಲಾ ಮೇಷ್ಟ್ರು ಮನಸ್ಸು ಮಾಡಿದರೆ ಹದಿನಾರು ಪುಟದಲ್ಲಿ ಇದು ಮುಗಿಯುವ ಕೆಲಸ.

ಆವನಿಯ ಅವಳಿಗಳು, ರಿವರ್‌ಸೈಡ್‌ನ ಕ್ಯಾಪ್ಟನ್

ಕಥೆಯ ಪಾತ್ರಗಳಿಗೂ ಹುಟ್ಟೂರು ಕೊಡುವುದು ನಮಗೆ ಹೊಸದಲ್ಲ. ಮುಳಬಾಗಿಲು ತಾಲ್ಲೂಕಿನ ಆವನಿ ಬೆಟ್ಟದಲ್ಲಿ ವಾಲ್ಮೀಕಿ ಆಶ್ರಮವಿತ್ತು, ಸೀತೆ ಲವಕುಶರನ್ನು ಹೆತ್ತದ್ದು ಅಲ್ಲೇ ಎಂಬುದು ಜನರ ನಂಬಿಕೆ. ಬೆಟ್ಟ ಹತ್ತಿದವರಿಗೆ ಊರಿನವರು ಒಂದೊಂದು ಬಂಡೆಯನ್ನೂ ತೋರಿಸಿ ಕಥೆ ಹೇಳುತ್ತಾರೆ.

ಅಮೆರಿಕದ ಅಯೋವಾ ರಾಜ್ಯದಲ್ಲಿ ರಿವರ್‌ಸೈಡ್ ಎಂಬ ಸಣ್ಣ ಊರಿದೆ. 1985ರಲ್ಲಿ ಆ ಊರಿನವರು 'ಸ್ಟಾರ್ ಟ್ರೆಕ್' ಸರಣಿಯ ಕ್ಯಾಪ್ಟನ್ ಕರ್ಕ್ ಮುಂದೊಂದು ದಿನ ಹುಟ್ಟಲಿರುವುದು ತಮ್ಮಲ್ಲೇ ಎಂದು ಸಾರಿಬಿಟ್ಟರು. ಕಲ್ಲೂ ನೆಟ್ಟರು: ಹುಟ್ಟುವ ದಿನ ಮಾರ್ಚ್ 22, 2228. ಆ ಪಾತ್ರ ಮಾಡಿದ ವಿಲಿಯಂ ಶಾಟ್ನರ್ ಹುಟ್ಟಿದ್ದೂ ಮಾರ್ಚ್ 22, 1931ರಲ್ಲಿ. ಇನ್ನೂ ಹುಟ್ಟದವನ ಹೆಸರಿನಲ್ಲಿ ಅಲ್ಲಿ ವರ್ಷವರ್ಷ ಜಾತ್ರೆ ನಡೆಯುತ್ತದೆ, ಹೊರಗಿನಿಂದ ಜನ ಬರುತ್ತಾರೆ, ಊರಿನ ಅಂಗಡಿಗಳಿಗೆ ವ್ಯಾಪಾರವಾಗುತ್ತದೆ. ಮಾಡಿದ್ದು ಒಂದು ಸಣ್ಣ ಊರಾಡಳಿತ. ಸಾವಿರ ವರ್ಷದ ಗುಡಿ, ಬೆಟ್ಟ, ಅವಳಿ ಮಕ್ಕಳ ಕಥೆ ಎಲ್ಲವೂ ಇರುವ ಆವನಿಯಲ್ಲಿ ಮಕ್ಕಳಿಗಾಗಿ ಒಂದು ಚಿತ್ರಕಥಾ ಮೇಳ ನಡೆದರೆ ಯಾರೂ ಬೇಡವೆನ್ನಲಾರರು.

ಜೂನ್ ಒಂದರ ಪೀಳಿಗೆ

ನಮ್ಮಲ್ಲಿ ಒಂದು ತಲೆಮಾರಿಗೆ ಹುಟ್ಟುಹಬ್ಬವೇ ಇರಲಿಲ್ಲ. ಮಗುವನ್ನು ಶಾಲೆಗೆ ಸೇರಿಸಲು ಬಂದ ತಂದೆ 'ಆ ವರ್ಷ ಕೆರೆ ಕೋಡಿ ಬಿದ್ದಿತ್ತು ಸ್ವಾಮಿ' ಎಂದರೆ ಮೇಷ್ಟ್ರು ಲೆಕ್ಕ ಹಾಕಿ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಇಂದಿಗೂ ಸರ್ಕಾರಿ ಕಚೇರಿಗಳ ನಿವೃತ್ತಿ ಪಟ್ಟಿಯಲ್ಲಿ ಮೇ 31ರ ದಟ್ಟಣೆಗೆ ಇದೇ ಕಾರಣ.

ಅಂಥವರು ಐಸಾಕ್ ಅಸಿಮೋವ್ ಕಥೆ ಕೇಳಬೇಕು. ರೋಬಾಟ್‌ಗಳಿಗೆ ಮೂರು ನಿಯಮ ಬರೆದ ಈ ಮಹಾ ಲೇಖಕ ಹುಟ್ಟಿದ್ದು ರಷ್ಯಾದ ಹಳ್ಳಿಯೊಂದರಲ್ಲಿ, ದಿನ ಖಚಿತವಿಲ್ಲ. 1920ರ ಜನವರಿ 2 ಎಂದು ಆತನೇ ಇಟ್ಟುಕೊಂಡ. ಅಮೆರಿಕಕ್ಕೆ ಹೋದ ಮೇಲೆ ಮಗನನ್ನು ಬೇಗ ಶಾಲೆಗೆ ಸೇರಿಸಲು ತಾಯಿ 1919ರ ಸೆಪ್ಟೆಂಬರ್ 7 ಎಂದು ಬರೆಸಿದ್ದಳು. ಮೂರನೇ ಕ್ಲಾಸಿನಲ್ಲಿ ಇದು ಗೊತ್ತಾದ ಹುಡುಗ ಹಟ ಹಿಡಿದು ತಿದ್ದಿಸಿದ. ಹುಟ್ಟಿದ ದಿನಕ್ಕಿಂತ ಹುಟ್ಟಿ ಮಾಡಿದ್ದು ದೊಡ್ಡದು ಎನ್ನಲು ಇಷ್ಟು ಸಾಕು.

ಜೂನ್ 6 ಇನ್ನೊಂದು ತಮಾಷೆಯ ದಿನ. ಮಾಲೂರು ತಾಲ್ಲೂಕಿನ ಕಥೆಗಾರ ಮಾಸ್ತಿ ವೆಂಕಟೇಶ ಅಯ್ಯಂಗಾರ್ 1891ರ ಜೂನ್ 6ರಂದು ಹುಟ್ಟಿ, 1986ರ ಜೂನ್ 6ರಂದೇ ತೀರಿಕೊಂಡರು. ಅಂದಿನ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ 1920ರ ಜೂನ್ 6ರಂದು ಹುಟ್ಟಿದವರು ವಿಚಾರವಾದಿ ಎಚ್. ನರಸಿಂಹಯ್ಯ; 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ಜನಸಾಮಾನ್ಯರಿಗೆ ವಿಜ್ಞಾನ ಹಂಚಿದವರು. ಒಬ್ಬರು ದೈವಭಕ್ತ ಕಥೆಗಾರ, ಇನ್ನೊಬ್ಬರು ಪವಾಡಗಳನ್ನು ಒರೆಗೆ ಹಚ್ಚಿದ ಮೇಷ್ಟ್ರು. ತಾರೀಕುಗಳ ಹೊಂದಾಣಿಕೆಗೆ ಅರ್ಥ ಹಚ್ಚಬೇಡಿ ಎಂದು ಎಚ್.ಎನ್. ಗದರಿಸುತ್ತಿದ್ದರು, ಸರಿಯೇ. ಆದರೆ ಮಕ್ಕಳಿಗೆ ಪಾಠ ಹೇಳಲು ತಾರೀಕು ಒಳ್ಳೆಯ ನೆಪ. ಕಥೆ ಮತ್ತು ವಿಜ್ಞಾನ ಒಂದೇ ದಿನ ಹುಟ್ಟಿದ ಜಿಲ್ಲೆಯಿದು ಎಂದರೆ ಅವರು ಮರೆಯುವುದಿಲ್ಲ.

ಮಾಲೂರಿನ ಪುಸ್ತಕ ರಾಕಿ

ಅಭಿಮಾನಕ್ಕೆ ಶಕ್ತಿ ಇಲ್ಲವೆಂದಲ್ಲ. 2022ರ ಏಪ್ರಿಲ್‌ನಲ್ಲಿ 'ಕೆಜಿಎಫ್ ಚಾಪ್ಟರ್ 2' ಬಿಡುಗಡೆಯ ಹೊತ್ತಿಗೆ ಯಶ್ ಅಭಿಮಾನಿಗಳು ಮಾಲೂರಿನ ಮೈದಾನವೊಂದರಲ್ಲಿ 20,700 ಪುಸ್ತಕಗಳನ್ನು ಜೋಡಿಸಿ 25,650 ಚದರ ಅಡಿಯ ಯಶ್ ಚಿತ್ರ ಮಾಡಿ ದಾಖಲೆ ಬರೆದರು. ದೂರದಿಂದ ನೋಡಿದರೆ ಮುಖ, ಹತ್ತಿರ ಹೋದರೆ ಪುಸ್ತಕ. ಅಷ್ಟು ಪುಸ್ತಕ ತರಿಸುವ, ಬಿಸಿಲಿನಲ್ಲಿ ಒಂದೊಂದಾಗಿ ಜೋಡಿಸುವ, ಸಾಲು ತಪ್ಪದಂತೆ ನೋಡಿಕೊಳ್ಳುವ ತಾಳ್ಮೆ ನಮ್ಮ ಹುಡುಗರಿಗಿದೆ. ಆ ತಾಳ್ಮೆಯಲ್ಲಿ ನೂರರಲ್ಲಿ ಒಂದು ಪಾಲು ಗ್ರಂಥಾಲಯದ ಒಂದು ಕಪಾಟಿಗೆ ಸಿಕ್ಕರೂ ಸಾಕು.

ಹೊಸ ಹುಡುಗರಿಗೆ ಕಾಮಿಕ್ಸ್ ಬೇಡವಾಗಿದೆ ಎಂಬ ಮಾತನ್ನೂ ನಾನು ನಂಬುವುದಿಲ್ಲ. ಮಾಲೂರಿನಲ್ಲಿ ರೈಲು ಹತ್ತಿದರೆ ದೇವನಗೊಂತಿ ದಾಟಿ ವೈಟ್‌ಫೀಲ್ಡ್. ಬೆಂಗಳೂರಿನ ಕಾಮಿಕ್ ಕಾನ್ ಹಲವು ಬಾರಿ ನಡೆದದ್ದು ಅಲ್ಲಿಯೇ. ಸ್ಪೈಡರ್‌ಮ್ಯಾನ್, ನರುಟೊ ವೇಷ ತೊಟ್ಟ ಹುಡುಗರು ಅಲ್ಲಿ ಗಿಜಿಗುಡುತ್ತಾರೆ. ಆಸಕ್ತಿಯೇನೋ ಇದೆ. ಆದರೆ ಟಿಕೆಟ್ಟಿಗೆ ದುಡ್ಡಿಲ್ಲದ ಮಗುವಿಗೂ ಅದು ಸಿಗುವ ಜಾಗ ತಾಲ್ಲೂಕಿನಲ್ಲಿ ಬೇಕು.

ಆ ಜಾಗ ಆಗಲೇ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. 2020ರ ನವೆಂಬರ್ 14ರಂದು ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳು ಅಲ್ಲಿ ಉಚಿತವಾಗಿ ಸದಸ್ಯರಾಗುತ್ತಾರೆ. ಶಾಲೆಗಳಲ್ಲಿ ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ 'ಸಂಭ್ರಮ ಶನಿವಾರ'. ಸೆಪ್ಟೆಂಬರಿನ ಮೂರನೇ ಶನಿವಾರವನ್ನೇ ಸಾಮಾನ್ಯವಾಗಿ ಹೊರದೇಶಗಳ ಕಾಮಿಕ್ಸ್ ಪ್ರಿಯರು 'ಬ್ಯಾಟ್‌ಮ್ಯಾನ್ ದಿನ'ವಾಗಿ ಆಚರಿಸುತ್ತಾರೆ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ 'ಆದಿಮ' ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡು, ನಾಟಕ ನಡೆಸಿ ತೋರಿಸಿಕೊಟ್ಟಿದೆ: ಜನ ಸೇರಲು ದೊಡ್ಡ ದುಡ್ಡು ಬೇಡ, ಬರುತ್ತೇವೆಂಬ ಮಾತು ತಪ್ಪದಿದ್ದರೆ ಸಾಕು.

ಆದ್ದರಿಂದ ಅಭಿಮಾನಿ ಸಂಘಗಳಿಗೆ ಒಂದು ಕೋರಿಕೆ. ಸೆಪ್ಟೆಂಬರ್ 18ರ ಹಬ್ಬ ಬಿಡಬೇಡಿ, ಒಂದು ದಿನ ಮೊದಲೇ ಶುರು ಮಾಡಿ. 17ರ ಸಂಜೆ ನಿಮ್ಮೂರಿನ ಗ್ರಂಥಾಲಯಕ್ಕೆ ಒಂದು ಬ್ಯಾನರಿನ ಬೆಲೆಯಷ್ಟು ಚಿತ್ರಕಥೆ ಪುಸ್ತಕ ಕೊಡಿ. ಮಕ್ಕಳಿಗೆ ಬಿಳಿ ಹಾಳೆ ಹಂಚಿ, ಆರು ಚೌಕ ಎಳೆಸಿ, ತಮ್ಮೂರಿನ ಒಂದು ಕಥೆ ಬರೆಯಲು ಹೇಳಿ. 21ರ ತನಕ ಅವನ್ನು ಗೋಡೆಗೆ ಅಂಟಿಸಿಡಿ. ಶುಭ ಕೋರುವವರ ಫೋಟೊ ಬೇಕೇ ಬೇಕೆಂದರೆ ಪುಸ್ತಕದ ಒಳಪುಟದಲ್ಲಿ ಹೆಸರು ಬರೆದುಕೊಡಿ. ಫ್ಲೆಕ್ಸ್ ಮೂರು ದಿನಕ್ಕೆ ಹರಿಯುತ್ತದೆ, ಆ ಹೆಸರನ್ನು ಮಕ್ಕಳು ಹತ್ತು ವರ್ಷ ಓದುತ್ತಾರೆ.